ಆರನೇ ವಾರ್ಡಿನ ದಿನಚರಿ

ಜುಲೈ 8, ಮಂಗಳವಾರ

ರೌಂಡ್ಸ್‌ನಲ್ಲಿ ಡಾಕ್ಟರು ಬಿಪಿ, ಶುಗರ್, ಜ್ವರ ಎಲ್ಲ ಕೇಳಿದರು. ತೂಕ ಕೇಳಲಿಲ್ಲ. ಕಿಟಕಿ ಪಕ್ಕದ ಅಜ್ಜಿಯ ನ್ಯುಮೋನಿಯಾ ಇಳಿಯುತ್ತಿದೆ, ಆದರೆ ಬಳೆ ಮೊಣಕೈವರೆಗೆ ಜಾರುತ್ತದೆ.

"ಬರೀ ಗಂಜಿ ತಿಳಿ ಕೊಡ್ತಿದೀವಿ ಸಿಸ್ಟರ್, ಪಥ್ಯ ಅಲ್ವಾ?" ಅಂದಳು ಸೊಸೆ.

ಪಥ್ಯ ಮಾಡಿ ಅಂತ ಡಾಕ್ಟರು ಹೇಳಿಲ್ಲ, ಊರು ಹೇಳಿದೆ: ಮೊಟ್ಟೆ ಉಷ್ಣ, ಮೊಸರು ಶೀತ, ಬೇಳೆ ವಾಯು. ಸೋಂಕು ಇದ್ದಾಗ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಕೆಮ್ಮಿ ಕಫ ಹೊರಹಾಕುವ ಶಕ್ತಿಯೂ ಅದರ ಜೊತೆ ಹೋಗುತ್ತದೆ. ಸೊಸೆಯನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅಜ್ಜಿಯ ಹಲ್ಲುಸೆಟ್ಟು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿತ್ತು! ತೊಳೆದು ಹಾಕಿಸಿದೆ. ರಾತ್ರಿ ತುಪ್ಪ ಹಾಕಿದ ಬೇಳೆ ಸಾರನ್ನ ಉಂಡರು, ಅರ್ಧ ಮೊಟ್ಟೆಯೂ.

ಜುಲೈ 11, ಶುಕ್ರವಾರ

ಸ್ಕ್ಯಾನಿಂಗ್ ಅಂತ ಒಬ್ಬರನ್ನು ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿಟ್ಟೆವು. ಮಧ್ಯಾಹ್ನ "ನಾಳೆ" ಅಂದರು. ಅಷ್ಟರಲ್ಲಿ ಊಟದ ಗಾಡಿ ಹೋಗಿಯಾಗಿತ್ತು. ನಾಳೆ ಮತ್ತೆ ಉಪವಾಸ. ಹೀಗೆ ತಪ್ಪಿದ ಊಟ ಯಾವ ಕೇಸ್‌ಶೀಟಿನಲ್ಲೂ ಬರುವುದಿಲ್ಲ. ತುಂಬ ಕೋಪ ಬಂತು.

ಜುಲೈ 14, ಸೋಮವಾರ

ಟಿಬಿ ಹುಡುಗ 38 ಕೆಜಿ. ಕಟ್ಟಡ ಕೆಲಸದವನು. ಟಿಬಿ ರೋಗಿಗಳ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರ ಬದಲು 1000 ರೂಪಾಯಿ. ಖಾತೆ ವಿವರ ಇನ್ನೂ ಸೇರಿಸಿಲ್ಲ, ಬೆನ್ನು ಹತ್ತಬೇಕು.

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೂ ಮನೆಯವರಿಗೂ ಆಹಾರದ ಕಿಟ್ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು: ಕಿಟ್ ಪಡೆದ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆ. ಮೊದಲೆರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಿಗೆ ಸಾವಿನ ಅಪಾಯ 61% ಕಡಿಮೆ. ಈ ಹುಡುಗನಿಗೆ ಅದು ಎರಡು ಕೆಜಿಯೂ ಅಲ್ಲ. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯಿಂದ ಆಗುವ ಕೆಲಸ! ಅವನ ತಾಯಿಗೂ ಲೆಕ್ಕ ಬಿಡಿಸಿ ಹೇಳಿದೆ. "ಹಂಗಾದ್ರೆ ದಿನಾ ಮೊಟ್ಟೆ ತರ್ತೀನವ್ವ" ಅಂದರು.

ಜುಲೈ 17, ಗುರುವಾರ

ಹೆಡ್ ನರ್ಸ್ ಒಪ್ಪಿದರು. ಇನ್ನು ದಾಖಲಾದ ದಿನವೇ ತೂಕ, ಆಮೇಲೆ ವಾರಕ್ಕೊಮ್ಮೆ. ಈಚೆಗೆ ಬಟ್ಟೆ ಸಡಿಲವಾಗಿದೆಯೇ ಅಂತಲೂ ಕೇಳಬೇಕು. ಎದ್ದು ನಿಲ್ಲಲಾರದವರಿಗೆ ತೋಳಿನ ಸುತ್ತಳತೆ, ದೊಡ್ಡವರಲ್ಲಿ 23.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಡಾಕ್ಟರಿಗೆ ತಿಳಿಸುವುದು. ಎಷ್ಟು ಉಂಡರು ಎಂದು ಬರೆಯುವ ಮೊದಲು ತಟ್ಟೆ ಎತ್ತಬೇಡಿ ಎಂದು ಆಯಾಗಳಿಗೆ ಹೇಳಿದ್ದೇನೆ. ತೂಕದ ಯಂತ್ರ ಸರಿಯಿಲ್ಲ, ಸ್ಟೋರಿಗೆ ಇಂಡೆಂಟ್ ಬರೆದಿಟ್ಟಿದ್ದೇನೆ. ನಾಳೆ ಬೆಳಗ್ಗೆ ನಾನೇ ಹೋಗಿ ತರುತ್ತೇನೆ.