ಉಡದ ಪಟ್ಟು

ಉಡದ ಪಟ್ಟು ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದವರ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಮೆ. ಆ ಉಡದ ದೂರದ ದಾಯಾದಿಯೊಂದು ಅಮೆರಿಕದ ಮರುಭೂಮಿಯಲ್ಲಿದೆ. ಹೆಸರು ಗಿಲಾ ಮಾನ್‌ಸ್ಟರ್. ವಿಷದ ಪ್ರಾಣಿ, ಕಚ್ಚಿದರೆ ಸುಲಭವಾಗಿ ಬಿಡದು. ವರ್ಷಕ್ಕೆ ಕೆಲವೇ ಸಲ ಉಂಡರೂ ಅದಕ್ಕೆ ನಡೆದೀತು.

ನಮ್ಮ ಅಕ್ಕನಿಗೂ ಈ ಪ್ರಾಣಿಗೂ ನಂಟು ಕೂಡಿಬಂದೀತೆಂದು ಯಾರು ಎಣಿಸಿದ್ದರು? ಅಕ್ಕನಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಉಂಡೆದ್ದ ಗಳಿಗೆಗೇ ಮತ್ತೆ ಹಸಿವು. “ಬಾಯಿ ಕಟ್ಟಲಾರಳು” ಎಂದು ನೆಂಟರು ತೀರ್ಪು ಕೊಟ್ಟಾಗಿತ್ತು. ಮದುವೆಯ ಮನೆಯಲ್ಲಿ ಅವಳ ಎಲೆಗೆ ಹೋಳಿಗೆ ಬಿದ್ದರೆ ಪಂಕ್ತಿಯ ಕಣ್ಣೆಲ್ಲ ಅಲ್ಲಿಯೇ.

ಕಳೆದ ವರ್ಷ ವೈದ್ಯರು ವಾರಕ್ಕೊಂದು ಚುಚ್ಚುಮದ್ದು ಬರೆದುಕೊಟ್ಟರು. ಅವರು ವಿವರಿಸಿದ್ದು ಹೀಗೆ: ಉಂಡೊಡನೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಮೇದೋಜೀರಕದಲ್ಲೂ ಮಿದುಳಿನಲ್ಲೂ ಅದಕ್ಕೆಂದೇ ಗ್ರಾಹಕಗಳಿವೆ, ಬೀಗಗಳೆನ್ನಿ. ಆ ಬೀಗಕ್ಕೆ ಈ ಕೀಲಿ ಬಿದ್ದರೆ, ರಕ್ತದಲ್ಲಿ ಸಕ್ಕರೆ ಏರಿದ್ದಾಗ ಇನ್ಸುಲಿನ್ ಹೊರಡುತ್ತದೆ. ಹೊಟ್ಟೆ ಮೆಲ್ಲಗೆ ಬರಿದಾಗುತ್ತದೆ. “ಸಾಕು” ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಆದರೆ ಕೀಲಿಯ ಆಯುಸ್ಸು ಒಂದೆರಡು ನಿಮಿಷ. ಮೈಯೊಳಗಿನ ಕಿಣ್ವವೊಂದು ಅದನ್ನು ಕತ್ತರಿಸಿಬಿಡುತ್ತದೆ.

ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು ಗಿಲಾದ ವಿಷದಲ್ಲಿ 39 ಅಮೈನೋ ಆಮ್ಲಗಳ ಒಂದು ಸರಪಳಿಯನ್ನು ಕಂಡು 1992ರಲ್ಲಿ ಪ್ರಕಟಿಸಿದರು. ಅದೇ ಬೀಗಕ್ಕೆ ಹೊಂದುವ ಕೀಲಿ. ಆದರೆ ಆ ಕತ್ತರಿಗೆ ಜಗ್ಗದು, ಗಂಟೆಗಟ್ಟಲೆ ಉಳಿಯುತ್ತದೆ. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ 2005ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿದರು. ಅಕ್ಕನದು 2017ರಲ್ಲಿ ಬಂದ ಸೆಮಾಗ್ಲುಟೈಡ್. ಮನುಷ್ಯರ ಕೀಲಿಯನ್ನೇ ಕತ್ತರಿಗೆ ಸಿಕ್ಕದಂತೆ ತಿದ್ದಿದ್ದು. ಆದರೂ ಈ ದಾರಿಯಲ್ಲಿ ಮುಂದೆ ನಡೆದದ್ದು ಆ ಉಡವೇ.

ಮೊದಲ ಕೆಲವು ವಾರ ವಾಕರಿಕೆ. ಆಮೇಲೊಂದು ದಿನ ಅಕ್ಕ ಊಟದ ನಡುವೆ ಕೈ ತಡೆದು ಕುಳಿತಳು. “ಸಾಕು ಅನ್ನಿಸ್ತು ಕಣೋ. ನಿಮಗೆಲ್ಲ ದಿನಾ ಹೀಗೇ ಆಗ್ತಿತ್ತೇನೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಂಯಮವೆಂದು ನಾವು ಬೀಗುವುದರಲ್ಲಿ ಗುಣದ ಪಾಲೆಷ್ಟು, ಕೀಲಿಯ ಪಾಲೆಷ್ಟು? ಚುಚ್ಚುಮದ್ದಿದ್ದರೂ ಪಥ್ಯ ತಪ್ಪಿದ್ದಲ್ಲ, ನಿಜ. ಆದರೆ “ಸಾಕು” ಎಂಬ ಮಾತೇ ಕೇಳಿಸದವಳಿಗೆ ಬಾಯಿ ಕಟ್ಟೆಂದು ಹೇಳುವುದು ಯಾವ ನ್ಯಾಯ?

ಅಕ್ಕನ ಹಸಿವಿಗೆ ಮದ್ದು ಸಿಕ್ಕಿತು. ನೆಂಟರ ನಾಲಿಗೆಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಅದರದೂ ಉಡದ ಪಟ್ಟೇ.