ಸಂಬಳದ ಪತ್ರವೂ ತೆರಿಗೆಯ ಲೆಕ್ಕವೂ

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಸ್ವಂತ ದುಡಿಮೆಯಿಂದ ಜೀವಿಸುವವರು ಈಗ ಬಹುಮಂದಿ ಇರುವರಷ್ಟೆ. ಆದರೂ ವರ್ಷ ತೀರಿದ ಮೇಲೆ ಯಜಮಾನರು ಕೊಡುವ ‘ಫಾರಂ 16’ ಎಂಬ ಪತ್ರವನ್ನು ಕಡೆಯ ವರೆಗೆ ಓದುವವರು ವಿರಳ. ತಂದೆಯೋ ಗಂಡನೋ ಗುಮಾಸ್ತನೋ ನೋಡಿಕೊಳ್ಳುವನೆಂದು ಅದನ್ನು ಪೆಟ್ಟಿಗೆಯಲ್ಲಿ ಮಡಚಿಡುವುದು ವಾಡಿಕೆ. ಈ ವಾಡಿಕೆಯು ನಮಗೆ ಸರಿದೋರುವುದಿಲ್ಲ.

2024ನೆಯ ಇಸವಿ ಜುಲೈ ತಿಂಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥ ಎರಡು ಪತ್ರಗಳೊಡನೆ ನಮ್ಮಲ್ಲಿಗೆ ಬಂದಳು. 2023ರ ಏಪ್ರಿಲಿನಿಂದ ಆರು ತಿಂಗಳ ಕರಾರಿನ ಮೇಲೆ ಒಂದೆಡೆ ದುಡಿದು 4,20,000 ರೂಪಾಯಿಗಳನ್ನೂ, ತರುವಾಯ ಮಾರ್ಚಿಯ ಕಡೆಯ ವರೆಗೆ ಇನ್ನೊಂದೆಡೆ 4,80,000 ರೂಪಾಯಿಗಳನ್ನೂ ಆಕೆ ಪಡೆದಿದ್ದಳು. ಎರಡು ಪತ್ರಗಳಲ್ಲಿಯೂ ತೆರಿಗೆಯ ಸ್ಥಳದಲ್ಲಿ ಸೊನ್ನೆಯೇ ಇದ್ದಿತು. ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆಯೇ ಎಂದು ಆಕೆಯ ಎಣಿಕೆ. ಕೈಯಲ್ಲಿದ್ದ ಹಣವನ್ನೆಲ್ಲಾ ತಂಗಿಯ ಕಾಲೇಜಿನ ಫೀಸಿಗಾಗಿ ಮೀಸಲಿಟ್ಟಿದ್ದಳು.

ಇಲ್ಲಿ ಸೂಕ್ಷ್ಮವೊಂದುಂಟು. ಆ ವರ್ಷದ ಹೊಸ ಪದ್ಧತಿಯಂತೆ ಸಂಬಳದಾರರಿಗೆ 50,000 ರೂಪಾಯಿಗಳ ಕಡಿತವೂ, ಉಳಿದ ಆದಾಯವು 7 ಲಕ್ಷ ಮೀರದಿದ್ದರೆ ಪೂರ್ಣ ರಿಯಾಯಿತಿಯೂ ಇದ್ದವು. ಯಜಮಾನರಿಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಈ ಎರಡನ್ನೂ ಪ್ರತ್ಯೇಕವಾಗಿ ಕೊಟ್ಟುಬಿಟ್ಟಿದ್ದರು. ಕಾಯಿದೆಗಾದರೋ ಆಕೆ ಒಬ್ಬಳೇ, ವರ್ಷವೂ ಒಂದೇ. ಒಟ್ಟು 9 ಲಕ್ಷದಲ್ಲಿ ಒಮ್ಮೆ ಮಾತ್ರ 50,000 ಕಳೆದರೆ ಉಳಿಯುವುದು 8,50,000. ಮೊದಲ 3 ಲಕ್ಷಕ್ಕೆ ತೆರಿಗೆಯಿಲ್ಲ; ಮುಂದಿನ 3 ಲಕ್ಷಕ್ಕೆ ಶೇಕಡಾ 5ರಂತೆ 15,000; ಮಿಕ್ಕ ಎರಡೂವರೆ ಲಕ್ಷಕ್ಕೆ ಶೇಕಡಾ 10ರಂತೆ 25,000; ಇದರ ಮೇಲೆ ಶೇಕಡಾ 4ರ ಸೆಸ್ಸು 1,600. ಅಂತೂ 41,600 ರೂಪಾಯಿ! (ಬ್ಯಾಂಕಿನ ಅಲ್ಪಸ್ವಲ್ಪ ಬಡ್ಡಿಯನ್ನು ಲೆಕ್ಕದ ಸುಲಭಕ್ಕಾಗಿ ಬಿಟ್ಟಿದ್ದೇವೆ. ದರಗಳೂ ಆಮೇಲೆ ಬದಲಾಗಿವೆ.)

ಆಕೆಯ ಮುಖ ಬಾಡಿತು. ಹೊಸ ಕೆಲಸಕ್ಕೆ ಸೇರಿದಾಗಲೇ ‘ಫಾರಂ 12ಬಿ’ಯಲ್ಲಿ ಹಿಂದಿನ ಸಂಬಳವನ್ನು ತಿಳಿಸಿದ್ದಲ್ಲಿ, ತಿಂಗಳಿಗೆ ಸುಮಾರು 6,933 ರೂಪಾಯಿಗಳಂತೆ ಈ ಮೊತ್ತವು ನೋವಿಲ್ಲದೆ ಮುರಿದುಹೋಗುತ್ತಿತ್ತು. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಕೆರೆಗೆ ಎರಡು ತೂಬು, ತೊಟ್ಟಿಗೆ ಮೂರು ಕೊಳವೆ ಎಂದು ಲೆಕ್ಕ ಕಲಿಸುವ ಪುಸ್ತಕಗಳು ಈ ಲೆಕ್ಕವನ್ನು ಏಕೆ ಕಲಿಸಬಾರದೆಂಬುದು ನಮ್ಮ ಪ್ರಶ್ನೆ.

ಪತ್ರದ ‘ಎ’ ಭಾಗದಲ್ಲಿ ಸರಕಾರಕ್ಕೆ ಸಂದ ತೆರಿಗೆಯ ವಿವರವೂ, ‘ಬಿ’ ಭಾಗದಲ್ಲಿ ಸಂಬಳ ಮತ್ತು ಕಡಿತಗಳ ವಿವರವೂ ಇರುತ್ತವೆ. ತೆರಿಗೆ ಮುರಿದಿದ್ದರೆ ಆ ಮೊತ್ತವನ್ನು ಇಲಾಖೆಯ ‘26ಎಎಸ್’ ಪಟ್ಟಿಯೊಡನೆ ತಾಳೆ ನೋಡತಕ್ಕದ್ದು. ನಾವು ಆಕೆಯೊಡನೆ ಎರಡು ಸಂಜೆ ಕುಳಿತು ಸಂಬಳಗಳನ್ನು ಒಟ್ಟುಗೂಡಿಸಿದೆವು. ತೆರಿಗೆಯನ್ನೂ, ಮುಂಗಡ ಕಟ್ಟದ್ದರಿಂದ ಬಿದ್ದ ಬಡ್ಡಿಯನ್ನೂ ಮೊದಲು ಸಲ್ಲಿಸಿ, ಜುಲೈ 31ರೊಳಗೆ ‘ಸಹಜ್’ ಎಂಬ ನಮೂನೆಯಲ್ಲಿ ರಿಟರ್ನು ಒಪ್ಪಿಸಿದ್ದಾಯಿತು. ಗಡುವು ತಪ್ಪಿದ್ದರೆ ಇನ್ನೂ 5,000 ರೂಪಾಯಿ ತೆರಬೇಕಾಗುತ್ತಿತ್ತು. ತಂಗಿಯ ಫೀಸನ್ನು ಕಾಲೇಜಿನವರು ಎರಡು ಕಂತುಗಳಲ್ಲಿ ಸ್ವೀಕರಿಸಲು ಒಪ್ಪಿದರು. ಮೊದಲನೆಯ ಕಂತಿಗೆ ಆಕೆಯ ಕೈಯಲ್ಲಿ ಸಾಕಷ್ಟು ಉಳಿದಿದ್ದಿತು.