ಕಂಪ್ಯೂಟರಿನ ಸಣ್ಣ ಸೆಲ್

ಕಂಪ್ಯೂಟರಿನ ಹೊಟ್ಟೆಯೊಳಗೂ ಒಂದು ಗಡಿಯಾರ ಇರುತ್ತದೆ. ಕರೆಂಟು ಇಲ್ಲದಾಗ ಅದನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಸೆಲ್.

ನಮ್ಮ ಹಳೆಯ ಕಂಪ್ಯೂಟರ್ ಅಣ್ಣ ಭಾಲ್ಕಿಯಲ್ಲಿ ಓದುವಾಗ ಕೊಂಡದ್ದು. ಈ ವರ್ಷ ಯಾವಾಗ ಚಾಲೂ ಮಾಡಿದರೂ 2009ರ ಜನವರಿ 1 ಎಂದೇ ತೋರಿಸುತ್ತಿತ್ತು. ತಾರೀಖು ತಪ್ಪಿದ್ದರಿಂದ ಅಕ್ಕನ ವಿದ್ಯಾರ್ಥಿವೇತನದ ಅರ್ಜಿಯ ಪುಟವೇ ತೆರೆಯಲಿಲ್ಲ. ಕೊನೆಯ ದಿನ ಹತ್ತಿರ ಬಂದಿತ್ತು. ಔರಾದಿನ ಅಂಗಡಿಯೊಬ್ಬರು "ಗುಜರಿಗೆ ಹಾಕ್ರಿ" ಅಂದರು. ಅಕ್ಕ ಅಳುತ್ತ ಕುಳಿತಳು.

ಕಾಕಾ ನೋಡಿ, "ಮಷಿನ್ ಛಲೋ ಅದ, ಸೆಲ್ ಸತ್ತದ" ಅಂದರು. ಬೀದರಿನಿಂದ ಹೊಸ ಸೆಲ್ ತಂದರು. ಹೆಸರು ಸಿಆರ್2032; ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ., 3 ವೋಲ್ಟ್. ಇದನ್ನು ಚಾರ್ಜ್ ಮಾಡಲು ಬರುವುದಿಲ್ಲ, ಬದಲಿಸಲೇಬೇಕು.

ಕಾಕಾ ಹೇಳಿದಂತೆ ನಾನೇ ವೈರ್ ಕಿತ್ತೆ, ಡಬ್ಬಿ ಬಿಚ್ಚಿ ಅದರ ಕಬ್ಬಿಣ ಮುಟ್ಟಿದೆ. ಮೈಮೇಲಿನ ವಿದ್ಯುತ್ ಬೋರ್ಡಿಗೆ ತಾಗಬಾರದಲ್ಲ! ಕ್ಲಿಪ್ ಸರಿಸಿದ ಕೂಡಲೇ ಹಳೆಯ ಸೆಲ್ ಮೇಲೆದ್ದಿತು. ಹೊಸದನ್ನು + ಗುರುತು ಮೇಲೆ ಬರುವಂತೆ ಕೂರಿಸಿ ತಾರೀಖು ತಿದ್ದಿದೆವು. ಮರುದಿನವೂ ತಾರೀಖು ಸರಿಯಾಗಿತ್ತು. ಅಕ್ಕನ ಅರ್ಜಿ ಹೋಯಿತು.

ಒಂದು ಮಾತು: ಹಳೆಯ ಸೆಲ್ ಸಣ್ಣ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳ ಸುಡುತ್ತದೆ, ಕೂಡಲೇ ದವಾಖಾನೆಗೆ ಒಯ್ಯಬೇಕು. ಯಾವ ವಸ್ತುವನ್ನಾದರೂ ಎಸೆಯುವ ಮೊದಲು ಅದರಲ್ಲಿ ಕೆಟ್ಟದ್ದು ಯಾವುದು ಎಂದು ನೋಡೋಣ.